ಊರಿನ ಸಮುದಾಯ ಭವನಕ್ಕೆ ಯಾವ ಸೋಲಾರ್ ಹಾಕಿಸೋದು? ಶಿರಸಿ, ಕಾರವಾರ ಕಡೆಯ ಕಮಿಟಿಯವರಿಗೆ ಒಂದು ಲೆಕ್ಕ

ಕಳೆದ ಆಷಾಢದಲ್ಲಿ ನಮ್ಮ ಪಕ್ಕದೂರಿನ ಸಮುದಾಯ ಭವನದಲ್ಲಿ ತಾಳಮದ್ದಲೆ ಇತ್ತು. ಭಾಗವತರು ಎರಡು ಪದ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು, ಆ ರಾತ್ರಿ ಬರುವ ಲಕ್ಷಣ ಇರಲಿಲ್ಲ. ಎರಡು ಚಾರ್ಜರ್ ಲೈಟು, ನಾಲ್ಕು ಮೊಬೈಲ್ ಟಾರ್ಚು ಇಟ್ಟುಕೊಂಡು ಪ್ರಸಂಗ ಮುಗಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ನನ್ನನ್ನು ಹತ್ತಿರ ಕರೆದು ಕೇಳಿದರು: "ತಮಾ, ಮೇಲೆ ಅಷ್ಟೆಲ್ಲ ಪ್ಲೇಟು ಇದ್ದು. ಕರೆಂಟು ಎಂತಕ್ಕೆ ಇಲ್ಲೆ?"

ಆ ಭವನದ ತಾರಸಿಯ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್ ಇದೆ. ಊರವರು ದೇಣಿಗೆ ಎತ್ತಿ ಹಾಕಿಸಿದ್ದು. ಆದರೆ ಅದು ಬ್ಯಾಟರಿ ಇಲ್ಲದ, ಕರೆಂಟಿನ ಲೈನಿಗೇ ಜೋಡಿಸಿದ ಆನ್‌ಗ್ರಿಡ್. ರಾತ್ರಿ ಬಿಡಿ, ಮಟಮಟ ಮಧ್ಯಾಹ್ನ ಕರೆಂಟು ಹೋದರೂ ಅದು ಒಂದು ಬಲ್ಬು ಉರಿಸುವುದಿಲ್ಲ. ಹಾಕಿಸುವಾಗ ಇದನ್ನು ಯಾರೂ ಊರವರಿಗೆ ಬಿಡಿಸಿ ಹೇಳಿರಲಿಲ್ಲ. ಅಜ್ಜನ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ನಿಜಕ್ಕೂ ಬೇಜಾರಾಯಿತು.

ಅದಾದ ಮೇಲೆ ಎರಡು ಮೂರು ಊರಿನ ಕಮಿಟಿಯವರು "ನಾವು ಯಾವುದು ಹಾಕಿಸೋದು?" ಅಂತ ಕೇಳಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೇಳೋಕೆ ಆಗುವುದಿಲ್ಲ. ಆದರೆ ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಅನ್ನೋದು ಎಲ್ಲರಿಗೂ ಒಂದೇ.

ಮೊದಲು ಬುಕಿಂಗ್ ವಹಿ ತೆಗೆಯಿರಿ

ಡೀಲರ್ ಬಂದವರು ಮೊದಲು ಕೇಳುವುದು "ಎಷ್ಟು ಫ್ಯಾನ್, ಎಷ್ಟು ಲೈಟು, ಮೋಟಾರ್ ಎಷ್ಟು ಎಚ್‌ಪಿ?" ಅಂತ. ಎಲ್ಲ ಕೂಡಿಸಿ 8 ಕಿಲೋವ್ಯಾಟ್ ಆಯಿತು, ಹಾಗಾಗಿ 10 ಕಿಲೋವ್ಯಾಟ್ ಹಾಕಿಸಿ ಅನ್ನುತ್ತಾರೆ. ಮನೆಗೋ ಕಾರ್ಖಾನೆಗೋ ಈ ಲೆಕ್ಕ ಸ್ವಲ್ಪ ಹೊಂದಬಹುದು. ಸಮುದಾಯ ಭವನಕ್ಕೆ ಹೊಂದುವುದಿಲ್ಲ. ಯಾಕೆಂದರೆ ಭವನ ವರ್ಷದಲ್ಲಿ ಮುಕ್ಕಾಲು ಪಾಲು ದಿನ ಬಾಗಿಲು ಹಾಕಿಕೊಂಡೇ ಇರುತ್ತದೆ.

ಹಾಗಾಗಿ ಕಳೆದ ವರ್ಷದ ಬುಕಿಂಗ್ ವಹಿ ಮತ್ತು ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ ಎದುರಿಗಿಟ್ಟುಕೊಳ್ಳಿ. ಮೂರು ಸಂಗತಿ ಬರೆದುಕೊಳ್ಳಿ. ವರ್ಷಕ್ಕೆ ಎಷ್ಟು ಯೂನಿಟ್ ಉರಿಯುತ್ತದೆ? ಅದರಲ್ಲಿ ಹಗಲು ಎಷ್ಟು, ರಾತ್ರಿ ಎಷ್ಟು? ಕರೆಂಟು ಹೋದಾಗ ಇದು ಇರಲೇಬೇಕು ಅನ್ನುವಂಥದ್ದು ಯಾವುದು? ಇದರ ಜೊತೆಗೆ ಇನ್ನೆರಡು ಪ್ರಶ್ನೆ: ಮಾಡು (ಛಾವಣಿ) ಎಂಥದ್ದು, ಆಮೇಲೆ ನೋಡಿಕೊಳ್ಳುವವರು ಯಾರು? ಹಣದ ಮಾತು ಇದೆಲ್ಲ ಆದ ಮೇಲೆ.

ಒಂದು ಮದುವೆ ದಿನದ ಲೆಕ್ಕ ನೋಡೋಣ. 75 ವ್ಯಾಟಿನ 20 ಫ್ಯಾನ್ 8 ತಾಸು ತಿರುಗಿದರೆ 12 ಯೂನಿಟ್. ಲೈಟು, ಸೀರಿಯಲ್ ಸೆಟ್ಟು ಎಲ್ಲ ಸೇರಿ 8. ಮೈಕ್ ಸೆಟ್ 9. ಅಡುಗೆಮನೆಯ ಗ್ರೈಂಡರ್, ಮಿಕ್ಸಿ 5. ಬೋರ್ ಮೋಟಾರ್ ಎರಡು ತಾಸಿಗೆ 3. ಒಟ್ಟು 37 ಯೂನಿಟ್. ನಮ್ಮ ಕಡೆ ತುಳಸಿ ಹಬ್ಬದ ನಂತರ ಶುರುವಾಗಿ ಮೇ ಕೊನೆಯವರೆಗೆ ಮದುವೆ, ಮುಂಜಿ ನಡೆಯುತ್ತವೆ. ವರ್ಷಕ್ಕೆ 40 ಕಾರ್ಯಕ್ರಮ ಅಂದರೆ ಹಳ್ಳಿ ಭವನಕ್ಕೆ ಒಳ್ಳೆಯ ಬುಕಿಂಗೇ. 40 ದಿನಕ್ಕೆ ಸುಮಾರು 1,500 ಯೂನಿಟ್. ಮೀಟಿಂಗು, ಗುಡಿಸಿ ಒರೆಸುವ ದಿನದ ಮೋಟಾರು, ಹೊರಗಿನ ಲೈಟು ಅಂತ ಇನ್ನೊಂದು 300 ಸೇರಿಸಿ. ವರ್ಷಕ್ಕೆ 1,800.

ಈಗ ಪ್ಯಾನೆಲ್ ಕಡೆ ನೋಡಿ. ನಮ್ಮ ಜಿಲ್ಲೆಯ ಮೋಡ, ಮಳೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 3.5 ಯೂನಿಟ್ ಕೊಡುತ್ತದೆ ಅಂತ ಹಿಡಿಯುವುದು ಕ್ಷೇಮ. ವರ್ಷಕ್ಕೆ 1,300ರ ಹತ್ತಿರ. ಅಂದರೆ 1,800 ಯೂನಿಟಿನ ಭವನಕ್ಕೆ ಒಂದೂವರೆ, ಹೆಚ್ಚೆಂದರೆ 2 ಕಿಲೋವ್ಯಾಟ್ ಸಾಕು. 10 ಕಿಲೋವ್ಯಾಟ್ ಹಾಕಿಸಿದರೆ ವರ್ಷಕ್ಕೆ 13,000 ಯೂನಿಟ್ ಆಗುತ್ತದೆ. ಬೇಕಾದ್ದಕ್ಕಿಂತ ಏಳು ಪಟ್ಟು! ಮಿಕ್ಕಿದ್ದು ಹೆಸ್ಕಾಂಗೆ ಹೋಗುತ್ತದೆ, ನಿಜ. ಆದರೆ ಅವರು ಅದಕ್ಕೆ ಕೊಡುವ ದರ ನಾವು ಅವರಿಗೆ ಕೊಡುವ ದರಕ್ಕಿಂತ ತುಂಬಾ ಕಡಿಮೆ. ಊರ ದೇಣಿಗೆಯ ಹಣವನ್ನು ಆ ದರಕ್ಕೆ ಕಟ್ಟಿಹಾಕೋದು ಬೇಡ.

ಆನ್‌ಗ್ರಿಡ್: ಬಿಲ್ ಇಳಿಸೋಕೆ ಇದಕ್ಕಿಂತ ಒಳ್ಳೆಯದಿಲ್ಲ

ಪ್ಯಾನೆಲ್, ಇನ್ವರ್ಟರ್, ಎರಡೂ ಕಡೆ ಲೆಕ್ಕ ಇಡುವ ಮೀಟರ್. ಇಷ್ಟೇ. ಹಗಲು ತಯಾರಾದ ಕರೆಂಟು ಭವನದಲ್ಲಿ ಖರ್ಚಾಗುತ್ತದೆ, ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ತೆಗೆದುಕೊಳ್ಳುತ್ತೇವೆ. ಮದುವೆ ಇಲ್ಲದ ದಿನ ತಯಾರಾದದ್ದೂ ಹಾಳಾಗುವುದಿಲ್ಲ. ಬ್ಯಾಟರಿ ಇಲ್ಲದ್ದರಿಂದ ಹಾಳಾಗುವ ಸಾಮಾನೂ ಕಡಿಮೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಸಿಗುತ್ತದೆ. ಇನ್ವರ್ಟರಿನದ್ದು 5ರಿಂದ 10 ವರ್ಷ.

ಕರೆಂಟು ಹೋದಾಗ ಇದು ಬಂದ್ ಆಗುವುದು ಕಂಪನಿಯ ದೋಷವಲ್ಲ. ಲೈನ್‌ಮನ್ ಮಳೆಯಲ್ಲಿ ಕಂಬ ಹತ್ತಿ ತಂತಿ ಕಟ್ಟುತ್ತಿರುತ್ತಾನೆ. ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾನೆ. ಆಗ ನಮ್ಮ ತಾರಸಿಯಿಂದ ಕರೆಂಟು ಹರಿದರೆ ಅವನ ಜೀವ ಹೋಗುತ್ತದೆ. ಅದಕ್ಕೇ ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೇ ನಿಲ್ಲುತ್ತದೆ.

ಖರ್ಚು ಎಷ್ಟು? ಮನೆಗಳ ಸಬ್ಸಿಡಿ ಯೋಜನೆಯಲ್ಲಿ ಕೇಂದ್ರ ಸರ್ಕಾರ ಮೊದಲ 2 ಕಿಲೋವ್ಯಾಟಿಗೆ ಹಿಡಿದಿರುವ ದರ ಕಿಲೋವ್ಯಾಟಿಗೆ 50,000 ರೂಪಾಯಿ. ಭವನಕ್ಕೆ ಸ್ಟ್ರಕ್ಚರ್, ಅರ್ಥಿಂಗ್ ಸೇರಿ 60,000 ಅಂತ ಹಿಡಿದುಕೊಳ್ಳಿ. 2 ಕಿಲೋವ್ಯಾಟಿಗೆ 1 ಲಕ್ಷ 20 ಸಾವಿರ. ಯೂನಿಟಿಗೆ 8 ರೂಪಾಯಿ ಅಂದುಕೊಂಡರೆ 1,800 ಯೂನಿಟಿಗೆ ವರ್ಷಕ್ಕೆ 14,400 ಉಳಿಯಬೇಕು. ಆದರೆ ಅಷ್ಟೂ ಉಳಿಯುತ್ತದೆಯೇ ಅನ್ನೋದು ನೆಟ್ ಮೀಟರಿಂಗ್ (ಲೈನಿಗೆ ಕೊಟ್ಟದ್ದು, ತೆಗೆದುಕೊಂಡದ್ದು ತಾಳೆ ಹಾಕುವ) ಒಪ್ಪಂದದ ಮೇಲೆ ನಿಂತಿದೆ. ಆಗಸ್ಟಿನಲ್ಲಿ ಕೊಟ್ಟ ಯೂನಿಟು ಏಪ್ರಿಲ್ ಮದುವೆಗೆ ಜಮಾ ಆಗುತ್ತದೋ, ಆಯಾ ತಿಂಗಳೇ ಕಡಿಮೆ ದರದಲ್ಲಿ ಲೆಕ್ಕ ಮುಗಿಯುತ್ತದೋ? ಅರ್ಜಿ ಹಾಕುವ ಮೊದಲೇ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೂತು ಕೇಳಿ ಬರೆದುಕೊಂಡು ಬನ್ನಿ. ಫಿಕ್ಸೆಡ್ ಚಾರ್ಜ್ ಮಾತ್ರ ಪ್ಯಾನೆಲ್ ಹಾಕಿದರೂ ತಪ್ಪುವುದಿಲ್ಲ.

ನಿಮ್ಮದು ಭವನವಲ್ಲ, ಸೇವಾ ಸಹಕಾರಿ ಸಂಘದ ಆಫೀಸು ಅನ್ನುವುದಾದರೆ ಹೆಚ್ಚು ಯೋಚನೆಯೇ ಬೇಡ. ಬೆಳಿಗ್ಗೆ 10ರಿಂದ ಸಂಜೆ 5, ಕಂಪ್ಯೂಟರು, ಫ್ಯಾನು. ಬಿಸಿಲು ಇರುವಾಗಲೇ ಕೆಲಸ. ಆನ್‌ಗ್ರಿಡ್ ಹಾಕಿಸಿ, ಕಂಪ್ಯೂಟರಿಗೆ ಈಗಿರುವ ಯುಪಿಎಸ್ ಮುಂದುವರಿಸಿ.

ಒಂದು ಎಚ್ಚರಿಕೆ. ಭವನಕ್ಕೆ ಜನರೇಟರ್ ಸಂಪರ್ಕ ಇದ್ದರೆ ಆನ್‌ಗ್ರಿಡ್ ಇನ್ವರ್ಟರಿನ ಜೋಡಣೆ ಚೇಂಜ್‌ಓವರ್ ಸ್ವಿಚ್ಚಿನ (ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ಚು) ಹೆಸ್ಕಾಂ ಬದಿಗೆ ಇರಬೇಕು. ಇಲ್ಲದಿದ್ದರೆ ಜನರೇಟರ್ ಕರೆಂಟನ್ನೇ ಲೈನ್ ಕರೆಂಟು ಅಂದುಕೊಂಡು ಇನ್ವರ್ಟರ್ ಶುರುವಾಗುತ್ತದೆ. ಲೋಡು ಕಡಿಮೆ ಇದ್ದಾಗ ಕರೆಂಟು ಜನರೇಟರಿನೊಳಗೆ ತಿರುಗಿ ನುಗ್ಗಿ ಅದನ್ನು ಹಾಳು ಮಾಡಬಹುದು. ವೈರಿಂಗ್ ಮಾಡುವವರಿಗೆ ಇದನ್ನು ನೀವೇ ನೆನಪಿಸಿ.

ಆಫ್‌ಗ್ರಿಡ್: ಬ್ಯಾಟರಿಯ ಮೇಲೆ ಪೂರ್ತಿ ಭಾರ

"ನಮಗೆ ಹೆಸ್ಕಾಂ ಸಹವಾಸವೇ ಬೇಡ, ಪೂರ್ತಿ ಸೋಲಾರಿನಲ್ಲೇ ನಡೆಸೋಣ" ಅನ್ನುವವರು ಪ್ರತಿ ಮೀಟಿಂಗಿನಲ್ಲೂ ಇರುತ್ತಾರೆ. ಆಸೆ ಒಳ್ಳೆಯದೇ. ಲೆಕ್ಕ ನೋಡಿ. ಮನೆ ಇನ್ವರ್ಟರಿಗೆ ಇಡುವಂಥ, ನೀರು ಹಾಕುವ ಒಂದು 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹಿಡಿಸುವುದು 1.8 ಯೂನಿಟ್. ಅದರ ಬಾಳಿಕೆ ಉಳಿಯಬೇಕಾದರೆ ಅರ್ಧ ಮಾತ್ರ ಖಾಲಿ ಮಾಡಬೇಕು. ಅಂದರೆ ಕೈಗೆ ಸಿಗುವುದು 0.9. ಮದುವೆಯ 37 ಯೂನಿಟಿನಲ್ಲಿ ಅರ್ಧ ಸಂಜೆ, ರಾತ್ರಿಗೆ ಬೇಕು ಅಂದುಕೊಂಡರೂ 20 ಬ್ಯಾಟರಿ! ಅದೂ ವರ್ಷಕ್ಕೆ 40 ದಿನಕ್ಕೋಸ್ಕರ.

ಇನ್ನೊಂದು ತೊಂದರೆ ಇದೆ. ನಾನು ಕಣ್ಣಾರೆ ನೋಡಿದ್ದು. ನಮ್ಮ ಯುವಕ ಮಂಡಳಿಯ ಕಟ್ಟಡದಲ್ಲಿ ಹಿಂದೆ ನಾಲ್ಕು ಬ್ಯಾಟರಿ ಇದ್ದವು. ಮೊದಲ ವರ್ಷ ಕಾರ್ಯದರ್ಶಿ ತಪ್ಪದೆ ಡಿಸ್ಟಿಲ್ಡ್ ವಾಟರ್ ಹಾಕಿದ. ಎರಡನೇ ವರ್ಷ ಅವನು ಬೆಂಗಳೂರಿಗೆ ಹೋದ. ಮೂರನೇ ವರ್ಷ ಗಣೇಶ ಚೌತಿಗೆ ಬಾಗಿಲು ತೆಗೆದಾಗ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು, ಟರ್ಮಿನಲ್ ಮೇಲೆ ಹಸಿರು ಬಿಳಿ ಹಿಟ್ಟು ಬೆಳೆದಿತ್ತು, ಮುಚ್ಚಳ ತೆಗೆದರೆ ಒಳಗೆ ಪ್ಲೇಟು ಒಣಗಿ ನಿಂತಿತ್ತು. ಯಾರನ್ನೂ ಬೈಯುವ ಹಾಗಿರಲಿಲ್ಲ. ಸಾರ್ವಜನಿಕ ಕಟ್ಟಡದಲ್ಲಿ ಮೂರು ತಿಂಗಳಿಗೊಮ್ಮೆ ಮಾಡಬೇಕಾದ ಸಣ್ಣ ಕೆಲಸವೇ ಮೊದಲು ತಪ್ಪುವುದು. ಸಂಬಳ ಕೊಟ್ಟು ಇಟ್ಟ ಜನ ಇಲ್ಲದ ಭವನಕ್ಕೆ ನೀರು ಹಾಕುವ ಬ್ಯಾಟರಿ ಸಾಲು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಆಫ್‌ಗ್ರಿಡ್ ಯಾರಿಗೆ? ಲೈನೇ ಸರಿಯಾಗಿ ಮುಟ್ಟದ ಕಾಡಂಚಿನ ಊರಿನ ಸಣ್ಣ ಕಟ್ಟಡಕ್ಕೆ. ಆರೆಂಟು ಎಲ್‌ಇಡಿ, ಎರಡು ಫ್ಯಾನ್, ಮೊಬೈಲ್ ಚಾರ್ಜಿಂಗ್ ಅಷ್ಟೇ ಸಾಕು ಅನ್ನುವಲ್ಲಿಗೆ. ಅಲ್ಲಿ ಅದು ದೊಡ್ಡ ಉಪಕಾರ.

ಹೈಬ್ರಿಡ್: ದುಬಾರಿ, ಆದರೆ ಮಳೆಗಾಲದ ಗೆಳೆಯ

ಇದರಲ್ಲಿ ಲೈನೂ ಇದೆ, ಬ್ಯಾಟರಿಯೂ ಇದೆ. ಕರೆಂಟು ಹೋದರೆ ಲೈನಿನ ಸಂಬಂಧ ಕಡಿದುಕೊಂಡು ಬ್ಯಾಟರಿ, ಪ್ಯಾನೆಲ್ ಎರಡರಿಂದ ಕಟ್ಟಡದ ಒಂದು ಭಾಗವನ್ನು ನಡೆಸುತ್ತದೆ. ಒಂದು ಭಾಗ ಅಂದೆ, ಗಮನಿಸಿ. ಅದಕ್ಕೆ ಬೇರೆ ಸಣ್ಣ ಬೋರ್ಡು ಮಾಡಿಸಿ. ವೇದಿಕೆ ಲೈಟು, ಮೈಕು, ಆರು ಫ್ಯಾನು, ಅಡುಗೆಮನೆಯ ಲೈಟು ಮಾತ್ರ ಅದರ ಮೇಲೆ ಇರಲಿ. ಗ್ರೈಂಡರ್, ಮೋಟಾರ್ ಹಾಕಿದರೆ ಬ್ಯಾಟರಿ ತಾಸಿನಲ್ಲಿ ಖಾಲಿ.

20 ಎಲ್‌ಇಡಿಗೆ 200 ವ್ಯಾಟ್, ಆರು ಫ್ಯಾನಿಗೆ 450, ಸಣ್ಣ ಮೈಕಿಗೆ 200. ಒಟ್ಟು 850 ವ್ಯಾಟ್. 5 ಯೂನಿಟಿನ ಒಂದು ಲಿಥಿಯಂ ಬ್ಯಾಟರಿ ಇದನ್ನು ಐದು ತಾಸು ನಡೆಸುತ್ತದೆ. ಒಂದು ತಾಳಮದ್ದಲೆಗೆ ಸರಿಯಾಯಿತು, ಅಲ್ವಾ? ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯನ್ನೇ ಕೇಳಿ ತೆಗೆದುಕೊಳ್ಳಿ. ಅದಕ್ಕೆ ನೀರು ಹಾಕೋದಿಲ್ಲ, ಎಂಬತ್ತು ಪಾಲು ಖಾಲಿ ಮಾಡಿದರೂ ತಡೆಯುತ್ತದೆ, ಹತ್ತು ವರ್ಷದ ಹತ್ತಿರ ಬಾಳುತ್ತದೆ.

ಮಳೆಗಾಲದ ಸತ್ಯವನ್ನೂ ಹೇಳಬೇಕು. ಜುಲೈಯಲ್ಲಿ ದಿನವಿಡೀ ಜಡಿಮಳೆ ಹೊಡೆಯುವಾಗ 1 ಕಿಲೋವ್ಯಾಟ್ ಪ್ಯಾನೆಲ್ ಒಂದೋ ಒಂದೂವರೆಯೋ ಯೂನಿಟ್ ಕೊಟ್ಟರೆ ಹೆಚ್ಚು. 3 ಕಿಲೋವ್ಯಾಟ್ ಇದ್ದರೆ ಮೂರು ನಾಲ್ಕು ಯೂನಿಟ್. ನಾಲ್ಕು ದಿನ ಲೈನ್ ಬರದಿದ್ದರೂ ದಿನಕ್ಕೆ ಮೂರ್ನಾಲ್ಕು ತಾಸು ಬೆಳಕು, ಊರವರ ಮೊಬೈಲ್ ಚಾರ್ಜಿಂಗ್ ನಡೆಯುತ್ತದೆ. ಕರಾವಳಿಯ ಊರಿನಲ್ಲಿ ನೆರೆ, ಗಾಳಿ ಬಂದಾಗ ಜನ ಬಂದು ಉಳಿಯುವುದು ಇಂಥ ಭವನಗಳಲ್ಲೇ. ಕಾರವಾರ, ಅಂಕೋಲಾ, ಕುಮಟಾದ ನದಿ ಬಾಯಿಯ ಊರುಗಳಿಗೆ ನಾನು ಹೈಬ್ರಿಡ್ ಹೇಳುವುದು ಈ ಒಂದು ಕಾರಣಕ್ಕೆ. ಅಲ್ಲಿ ಬಿಲ್ಲಿನ ಲೆಕ್ಕ ಎರಡನೆಯದು.

ಖರ್ಚು ಆನ್‌ಗ್ರಿಡ್ಡಿನ ಹೆಚ್ಚುಕಡಿಮೆ ಎರಡು ಪಟ್ಟು. 3 ಕಿಲೋವ್ಯಾಟಿಗೆ ಬ್ಯಾಟರಿ ಸೇರಿ ಮೂರು ಮೂರೂವರೆ ಲಕ್ಷ ಇಟ್ಟುಕೊಳ್ಳಬೇಕು. ಬಿಲ್ ಉಳಿತಾಯದಿಂದಲೇ ಇಷ್ಟು ಹಣ ಬೇಗ ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಡುವಿನ ದಾರಿ

ಹಣ ಕಡಿಮೆ ಇದೆ, ಮಳೆಗಾಲದ ಕಾರ್ಯಕ್ರಮಕ್ಕೆ ಬೆಳಕೂ ಬೇಕು ಅನ್ನುವವರಿಗೆ ಇದು. 2 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕಿಸಿ. ಅದಕ್ಕೆ ಸಂಬಂಧವೇ ಇಲ್ಲದ ಹಾಗೆ ಮನೆಗೆ ಹಾಕುವಂಥದ್ದೇ ಒಂದು ಇನ್ವರ್ಟರ್, ಎರಡು ಬ್ಯಾಟರಿ ಬೇರೆ ಇಡಿ. ಅದು ಲೈನಿನಿಂದ ಚಾರ್ಜ್ ಆಗುತ್ತದೆ. 1.8 ಯೂನಿಟ್ ಕೈಗೆ ಸಿಗುತ್ತದೆ. 200 ವ್ಯಾಟ್ ಲೈಟು, 150 ವ್ಯಾಟ್ ಮೈಕು ಐದು ತಾಸು. ಫ್ಯಾನು ಇಲ್ಲ. ಶಿರಸಿ, ಸಿದ್ದಾಪುರದ ಆಷಾಢದಲ್ಲಿ ಫ್ಯಾನು ಬೇಕಾಗುವುದೂ ಇಲ್ಲ. ಒಟ್ಟು ಒಂದು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು.

ಕೊರತೆ ಏನು? ಲೈನ್ ನಾಲ್ಕು ದಿನ ಬರದಿದ್ದರೆ ಒಂದೇ ರಾತ್ರಿಗೆ ಖಾಲಿ. ನೀರು ಹಾಕುವ ಕೆಲಸವೂ ಬಂತು. ಎರಡೇ ಬ್ಯಾಟರಿ ಆದ್ದರಿಂದ ಹತ್ತಿರದ ಮನೆಯವರೊಬ್ಬರು ನೋಡಿಕೊಳ್ಳಬಹುದು. ಮದುವೆ ದಿನ ಕರೆಂಟು ಹೋದರೆ ಬಾಡಿಗೆ ಜನರೇಟರ್ ತಪ್ಪಿದ್ದಲ್ಲ. ಆದರೆ 40 ಮದುವೆಯಲ್ಲಿ ಎಷ್ಟು ಸಲ ಜನರೇಟರ್ ತರಿಸಿದ್ದೀರಿ, ವಹಿ ನೋಡಿ. ಐದಾರು ಸಲ ಮಾತ್ರ ಅಂದರೆ ಅದಕ್ಕಾಗಿ ಲಕ್ಷಗಟ್ಟಲೆ ಬ್ಯಾಟರಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಫ್ಯಾನಿನ ಬಗ್ಗೆಯೂ ಹೇಳಿಬಿಡುತ್ತೇನೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಕರೆಂಟು ಉಳಿಯುತ್ತದೆ, ಸರಿ. ಆದರೆ 20 ಫ್ಯಾನಿಗೆ 60 ಸಾವಿರದಷ್ಟು ಹಾಕಿ, 40 ದಿನ ತಿರುಗಿಸಿದರೆ ಉಳಿಯೋದು ವರ್ಷಕ್ಕೆ 290 ಯೂನಿಟ್. ಎಲ್ಲ ಬದಲಿಸಬೇಡಿ. ಬ್ಯಾಟರಿ ಬೋರ್ಡಿನ ಮೇಲೆ ಬರುವ ಆರನ್ನು ಮಾತ್ರ ಬದಲಿಸಿ. 450 ವ್ಯಾಟ್ ಇದ್ದದ್ದು 180ಕ್ಕೆ ಇಳಿಯುತ್ತದೆ, ಅದೇ ಲಿಥಿಯಂ ಬ್ಯಾಟರಿ ಏಳು ತಾಸು ಬರುತ್ತದೆ.

ಮಾಡು, ಮಂಗ, ಉಪ್ಪುಗಾಳಿ

1 ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ಹಳೆಯ ಹಂಚಿನ ಕಟ್ಟಡವಾದರೆ ಮಾಡಿನ ಮೇಲೆ ಹಾಕಿಸಲೇಬೇಡಿ. ಈಗಿನ ದೊಡ್ಡ ಪ್ಯಾನೆಲ್ ಒಂದೊಂದು 28 ಕಿಲೋ ತೂಗುತ್ತದೆ. ಹಂಚು ಒಡೆಯುತ್ತದೆ, ಪಕಾಸಿಗೆ (ಹಂಚಿನ ಕೆಳಗಿನ ಮರಕ್ಕೆ) ಭಾರ, ಸೋರಿದರೆ ಹುಡುಕುವುದು ಕಷ್ಟ. ಅಂಗಳದಲ್ಲಿ ಕಂಬ ನಿಲ್ಲಿಸಿ ಅದರ ಮೇಲೆ ಹಾಕಿ. ತಾರಸಿಯಾದರೆ ಸ್ಲ್ಯಾಬಿಗೆ ತೂತು ಕೊರೆಯಲು ಬಿಡಬೇಡಿ, ಕಾಂಕ್ರೀಟ್ ಕಟ್ಟೆ ಕಟ್ಟಿ ಅದಕ್ಕೆ ಕಾಲು ಕೂರಿಸಲಿ. ತಾರಸಿಯ ಮೇಲೆ ಶೀಟು ಹೊದೆಸಿದ್ದರೆ ಕೆಳಗಿನ ಟ್ರಸ್ ಗಟ್ಟಿ ಇದೆಯೇ ಅಂತ ವೆಲ್ಡರ್ ಒಬ್ಬರಿಂದ ನೋಡಿಸಿ.

ಮುಖ ದಕ್ಷಿಣಕ್ಕೆ, ಇಳಿಜಾರು 15 ಡಿಗ್ರಿ. ಇದಕ್ಕಿಂತ ಚಪ್ಪಟೆ ಮಲಗಿಸಿದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ತೆಂಗು, ಅಡಿಕೆಯ ನೆರಳನ್ನು ಡಿಸೆಂಬರಿನಲ್ಲಿ ನೋಡಿ, ಸೂರ್ಯ ದಕ್ಷಿಣಕ್ಕೆ ಬಾಗಿದಾಗ ನೆರಳು ಉದ್ದ ಆಗುತ್ತದೆ. ಮಂಗನ ಕಾಟ ಇರುವಲ್ಲಿ ವೈರನ್ನು ಪೂರ್ತಿ ಪೈಪಿನೊಳಗೆ ಹಾಕಿಸಿ. ಪ್ಯಾನೆಲ್ ಗಾಜಿಗಿಂತ ಮೊದಲು ಅವು ಎಳೆಯುವುದು ಜೋತಾಡುವ ವೈರನ್ನು.

ಕರಾವಳಿಯವರು ಉಪ್ಪುಗಾಳಿಗೆ ಪರೀಕ್ಷೆ ಆದ ಪ್ಯಾನೆಲ್ ಕೇಳಬೇಕು. ಐಇಸಿ 61701 ಅಂತ ಕಾಗದದಲ್ಲಿ ಬರೆದಿರುತ್ತದೆ. ಸ್ಟ್ರಕ್ಚರ್ ಕಬ್ಬಿಣಕ್ಕೆ ಪೇಂಟ್ ಬಳಿದದ್ದು ಬೇಡ, ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆದದ್ದೇ ಆಗಬೇಕು, ನಟ್ ಬೋಲ್ಟು ಸ್ಟೇನ್‌ಲೆಸ್. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲ ಬದಿಯಲ್ಲಿ ಹಾದುಹೋದದ್ದು ನೆನಪಿದೆಯಲ್ಲ, ಅಂಥ ಗಾಳಿಗೆ ಲೆಕ್ಕ ಹಾಕಿ ಕಾಲು ಕೂರಿಸಲಿ.

ಅರ್ಥಿಂಗ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಚಿರೆಕಲ್ಲಿನ ನೆಲ ಸುಲಭಕ್ಕೆ ಕರೆಂಟು ಎಳೆದುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ನಿಮಗೆ ಗೊತ್ತೇ ಇದೆ. ಕೆಲಸ ಮುಗಿದ ಮೇಲೆ ಅರ್ಥ್ ಎಷ್ಟು ಓಮ್ ಬಂತು ಅಂತ ನಿಮ್ಮೆದುರೇ ಅಳೆಸಿ, ಬರೆಸಿಕೊಳ್ಳಿ.

ಹಣ ಮತ್ತು ಕಾಗದ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ. ಕಮರ್ಷಿಯಲ್ ಮೀಟರಿನ ಭವನಕ್ಕೆ ಅದು ಸಿಗುವುದಿಲ್ಲ. "ಯಾರದ್ದಾದರೂ ಮನೆ ಮೀಟರ್ ತೋರಿಸಿ ಮಾಡಿಸಿಕೊಡ್ತೇವೆ" ಅಂದರೆ ಒಪ್ಪಬೇಡಿ, ಮುಂದೆ ಸಿಕ್ಕಿಬೀಳುವುದು ಆ ಮನೆಯವರು. 2025ರ ಸೆಪ್ಟೆಂಬರಿನಲ್ಲಿ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಕಮಿಟಿಯ ಕಪಾಟಿನಲ್ಲಿರುವ ಹಳೆಯ ಕೊಟೇಶನ್ ಹಿಡಿದು ಮಾತಾಡಬೇಡಿ, ಹೊಸದು ತರಿಸಿ. ಕಂಪನಿಯೇ ಬಂಡವಾಳ ಹಾಕಿ ನಮಗೆ ಯೂನಿಟ್ ಲೆಕ್ಕದಲ್ಲಿ ಮಾರುವ ಪದ್ಧತಿಯೂ ಇದೆ, ಆದರೆ ಅದು ದಿನಾ ಜಾಸ್ತಿ ಕರೆಂಟು ಉರಿಸುವ ಕಡೆಗೆ ಮಾತ್ರ ಹೊಂದುತ್ತದೆ.

ಮೂರು ಕೊಟೇಶನ್ ಬಂದ ಮೇಲೆ ಬೆಲೆಗಿಂತ ಮೊದಲು ಸರ್ವಿಸ್ ಯಾವ ಊರಿಂದ ಬರುತ್ತದೆ ಅಂತ ಕೇಳಿ. ಶಿರಸಿಯಿಂದ ಹುಬ್ಬಳ್ಳಿ 100 ಕಿಲೋಮೀಟರ್. ಒಂದು ಫ್ಯೂಸ್ ಹಾಕೋಕೆ ಅಲ್ಲಿಂದ ಜನ ಬರಬೇಕು ಅಂದರೆ ಮಳೆಗಾಲ ಕಳೆದೇ ಹೋಗುತ್ತದೆ. ತಾಲ್ಲೂಕಿನಲ್ಲೇ ಹುಡುಗರನ್ನು ಇಟ್ಟವರಿಗೆ ಹತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಇದಕ್ಕೂ ಮೊದಲು ನೋಡಬೇಕಾದ್ದು ಬಿಲ್ಲಿನ ಮೇಲಿನ ಹೆಸರು. ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ನಂಬರ್) ಯಾರ ಹೆಸರಲ್ಲಿದೆ? ಎಷ್ಟೋ ಭವನಗಳಲ್ಲಿ ತೀರಿಹೋದ ಹಳೆಯ ಅಧ್ಯಕ್ಷರ ಹೆಸರೇ ಇರುತ್ತದೆ. ನೆಟ್ ಮೀಟರಿಂಗ್ ಅರ್ಜಿ ಆ ಹೆಸರಿನಲ್ಲೇ ಹೋಗಬೇಕಾದ್ದರಿಂದ ಮೊದಲು ಅದನ್ನು ಸಂಘದ ಹೆಸರಿಗೆ ಮಾಡಿಸಿ. ಜಾಗ ಪಂಚಾಯಿತಿಯದ್ದಾಗಿದ್ದರೆ ಅವರ ಠರಾವು ಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ಕಾಗದದ ಕೆಲಸ ಮುಗಿಸಿಕೊಂಡರೆ ದೀಪಾವಳಿ ಹೊತ್ತಿಗೆ ಪ್ಯಾನೆಲ್ ಏರಿಸಬಹುದು, ತುಳಸಿ ಹಬ್ಬದ ನಂತರದ ಮೊದಲ ಮದುವೆಗೆ ಸಿದ್ಧ.

ನಮ್ಮೂರ ಭವನಕ್ಕೆ ನಾವು ನಡುವಿನ ದಾರಿ ಒಪ್ಪಿಕೊಂಡಿದ್ದೇವೆ. ಎಸ್ಟಿಮೇಟಿನಲ್ಲಿ ಕೊನೆಗೆ ಒಂದು ಸಾಲು ಸೇರಿಸಿದೆವು: ಗೋಡೆಗೆ ಕೂರಿಸಿದ ಕಬ್ಬಿಣದ ಏಣಿ, ತಾರಸಿಯ ಮೇಲೆ ಒಂದು ನಲ್ಲಿ. ಪಕ್ಕದೂರಿನಲ್ಲಿ ಅದಿಲ್ಲ. ಪ್ಯಾನೆಲ್ ತೊಳೆಯಬೇಕಾದರೆ ಯಾರದ್ದೋ ತೋಟದ ಏಣಿ ಕೇಳಿ ತರಬೇಕು, ಕೆಳಗಿನಿಂದ ಕೊಡದಲ್ಲಿ ನೀರು ಹೊರಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಏಣಿ ಯಾರ ಮನೆಯಲ್ಲೂ ಖಾಲಿ ಇರುವುದಿಲ್ಲ.